ಮೊದಲು ಕೇಳಿ, ಆಮೇಲೆ ಓದಿ: ಲೈಬ್ರರಿ ಆಫ್ ಕಾಂಗ್ರೆಸ್‌ನ ಗುಲಾಮಗಿರಿ ಸಂದರ್ಶನಗಳು

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ವೆಬ್‌ಸೈಟಿನಲ್ಲಿ ಎರಡು ಸಂಗ್ರಹಗಳನ್ನು ಪುಕ್ಕಟೆಯಾಗಿ ಇಟ್ಟಿದೆ. ಒಂದು ‘ಬಾರ್ನ್ ಇನ್ ಸ್ಲೇವರಿ’. ಗುಲಾಮರಾಗಿ ಹುಟ್ಟಿ ಆಮೇಲೆ ಬಿಡುಗಡೆಯಾದವರನ್ನು 1936ರಿಂದ 1938ರ ನಡುವೆ ಮಾತಾಡಿಸಿ ಟೈಪ್ ಮಾಡಿಟ್ಟ 2,300ಕ್ಕೂ ಹೆಚ್ಚು ಸಂದರ್ಶನಗಳು ಇದರಲ್ಲಿವೆ, ಜೊತೆಗೆ ಸುಮಾರು 500 ಕಪ್ಪು ಬಿಳುಪು ಫೋಟೋಗಳು. ಇನ್ನೊಂದು ‘ವಾಯ್ಸಸ್ ರಿಮೆಂಬರಿಂಗ್ ಸ್ಲೇವರಿ’. ಇದು ಧ್ವನಿಮುದ್ರಣಗಳ ಸಂಗ್ರಹ. 1932ರಿಂದ 1975ರವರೆಗೆ ರೆಕಾರ್ಡ್ ಮಾಡಿದ 23 ಜನರ ಮಾತು, ಒಟ್ಟು ಹೆಚ್ಚುಕಡಿಮೆ ಏಳು ಗಂಟೆ. ಲಾಗಿನ್ ಬೇಡ, ದುಡ್ಡು ಬೇಡ. ಇತಿಹಾಸ ಇಷ್ಟಪಡುವವರು, ಇಂಗ್ಲಿಷ್ ಸಾಹಿತ್ಯ ಓದುವವರು, ಅದರಲ್ಲೂ ಆಡುಮಾತನ್ನು ಕಾಗದಕ್ಕೆ ಇಳಿಸುವ ಕೆಲಸ ಮಾಡುವವರು ಇವೆರಡನ್ನೂ ನೋಡಲೇಬೇಕು. ಆದರೆ ನೋಡುವ ಕ್ರಮ ಒಂದಿದೆ. ಹೆಚ್ಚಿನವರು ಟೈಪ್ ಮಾಡಿದ ಪುಟಗಳಿಂದ ಶುರು ಮಾಡುತ್ತಾರೆ, ಯಾಕೆಂದರೆ ಅದೇ ದೊಡ್ಡದು, ಅದೇ ಜಾಸ್ತಿ ಹೆಸರು ಮಾಡಿದ್ದು. ನಾನು ಹೇಳುವುದು ಧ್ವನಿಯಿಂದ ಶುರು ಮಾಡಿ ಅಂತ. ಯಾಕೆ ಅನ್ನುವುದೇ ಈ ರಿವ್ಯೂ.

‘ಬಾರ್ನ್ ಇನ್ ಸ್ಲೇವರಿ’ಯ ಯಾವುದೇ ಒಂದು ಪುಟ ತೆರೆಯಿರಿ. ಹಳೆಯ ಟೈಪ್‌ರೈಟರ್ ಹಾಳೆಯ ಸ್ಕ್ಯಾನ್ ಕಾಣುತ್ತದೆ, ಅದರ ಪಠ್ಯವೂ ಸಿಗುತ್ತದೆ. ಸಂದರ್ಶಕರು ತಮ್ಮ ಕಡೆಯಿಂದ ಬರೆದ ಸಾಲುಗಳು ಶುದ್ಧ ಇಂಗ್ಲಿಷ್‌ನಲ್ಲಿರುತ್ತವೆ. ಮನೆ ಹೇಗಿತ್ತು, ಅಜ್ಜಿ ಎಲ್ಲಿ ಕೂತಿದ್ದರು, ಏನು ಉಟ್ಟಿದ್ದರು, ಎಲ್ಲ ನೀಟಾಗಿ. ಅಜ್ಜಿ ಬಾಯಿ ಬಿಟ್ಟ ಕೂಡಲೇ ಸ್ಪೆಲ್ಲಿಂಗ್ ಒಡೆಯುತ್ತದೆ. ‘ದ’ ಹೋಗಿ ‘ಡೆ’ ಆಗುತ್ತದೆ, ಪದದ ಕೊನೆಯ ‘ರ್’ ಹೋಗಿ ಅಲ್ಲೊಂದು ಅಪಾಸ್ಟ್ರಫಿ ಕೂರುತ್ತದೆ, ಸಾಲಿನ ತುಂಬ ಚುಕ್ಕಿ, ಕೊಕ್ಕೆ, ಅರ್ಧ ಪದಗಳು. ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಜೋರಾಗಿ ಓದಿಕೊಂಡರೆ ಮಾತ್ರ ಅರ್ಥವಾಗುವಂಥ ಪುಟಗಳಿವೆ.

ಇದರಲ್ಲಿ ಎರಡು ಜಾತಿ ಇವೆ, ಅದನ್ನು ಬೇರೆ ಮಾಡಿ ನೋಡಬೇಕು. ಒಂದು, ಉಚ್ಚಾರ ನಿಜವಾಗಿಯೂ ಬೇರೆ ಇರುವುದು. ‘ದಟ್’ ಅನ್ನುವ ಕಡೆ ‘ಡ್ಯಾಟ್’ ಅಂದರೆ ಅದು ಕಿವಿಗೆ ಕೇಳುವ ವ್ಯತ್ಯಾಸ. ಸರಿ, ಬರೆದುಕೊಳ್ಳಲಿ. ಎರಡನೆಯದು ವಿಚಿತ್ರ. ‘ವಾಸ್’ ಅನ್ನುವ ಪದವನ್ನು ಡಬ್ಲ್ಯೂ, ಯು, ಝಡ್ ಅಂತ ಬರೆಯುವುದು. ಅಮೆರಿಕದಲ್ಲಿ ಪ್ರೊಫೆಸರಾಗಲಿ ರೈತನಾಗಲಿ ಮಾಮೂಲಿ ಮಾತಿನಲ್ಲಿ ಆ ಪದವನ್ನು ಅನ್ನುವುದೇ ಹಾಗೆ, ‘ವಝ್’ ಅಂತಲೇ. ಹಾಗಾಗಿ ಸ್ಪೆಲ್ಲಿಂಗ್ ಬದಲಿಸಿದ್ದರಿಂದ ಉಚ್ಚಾರದ ಬಗ್ಗೆ ಹೊಸ ವಿಷಯ ಏನೂ ಗೊತ್ತಾಗಲಿಲ್ಲ. ಗೊತ್ತಾಗುವುದು ಒಂದೇ: ಈ ಮನುಷ್ಯ ಓದಿದವನಲ್ಲ ಅಂತ ಬರೆದವರು ನಮಗೆ ಸನ್ನೆ ಮಾಡುತ್ತಿದ್ದಾರೆ. ‘ಸೆಡ್’, ‘ಥಾಟ್’ ಮುಂತಾದವನ್ನು ತಪ್ಪು ಸ್ಪೆಲ್ಲಿಂಗಿನಲ್ಲಿ ಬರೆಯುವುದೂ ಹೀಗೇ. ಇದಕ್ಕೆ ‘ಐ ಡಯಲೆಕ್ಟ್’ (ಇಲ್ಲಿ ‘ಐ’ ಅಂದರೆ ಕಣ್ಣು) ಅನ್ನುವ ಹೆಸರು ಕೊಟ್ಟವರು ಭಾಷಾ ವಿದ್ವಾಂಸ ಜಾರ್ಜ್ ಫಿಲಿಪ್ ಕ್ರಾಪ್, 1925ರಲ್ಲಿ. ಕಣ್ಣಿಗೆ ಮಾತ್ರ ಕಾಣುವ, ಕಿವಿಗೆ ಕೇಳದ ಆಡುಮಾತು. ಬರೆಯುವವನೂ ಓದುವವನೂ ಒಂದು ಕಡೆ ನಿಂತು, ಮಾತಾಡುವವನನ್ನು ಕೆಳಗೆ ನಿಲ್ಲಿಸುವ ಕೆಲಸ ಇದು ಅಂತ ಕ್ರಾಪ್ ಆಗಲೇ ಗುರುತಿಸಿದ್ದರು. ಹೀಗೆ ಬರೆದ ಮಾತನ್ನು ಓದಿದವರ ಮನಸ್ಸಿನಲ್ಲಿ ಮಾತಾಡಿದವರ ದರ್ಜೆ ಇಳಿಯುತ್ತದೆ ಅಂತ ಡೆನಿಸ್ ಪ್ರೆಸ್ಟನ್ ಅನ್ನುವ ಭಾಷಾಶಾಸ್ತ್ರಜ್ಞರು 1980ರ ದಶಕದಲ್ಲಿ ತೋರಿಸಿದರು.

ಕನ್ನಡದವರಿಗೆ ಇದು ಸ್ವಲ್ಪ ಹೊಸದು. ನಮ್ಮ ಲಿಪಿಯಲ್ಲಿ ‘ಹೋಗ್ತೀನಿ’, ‘ಹೊಕ್ಕೀನಿ’, ‘ಹೋಯ್ತೀನಿ’, ‘ಹೋತೆ’ ಅಂತ ಬರೆದರೆ ನಾಲ್ಕೂ ಬೇರೆ ಉಚ್ಚಾರವೇ, ಓದುವವರಿಗೆ ಊರು ಕೂಡ ಗೊತ್ತಾಗುತ್ತದೆ. ಉಚ್ಚಾರ ಅದೇ ಇಟ್ಟುಕೊಂಡು ಬರೀ ಅಕ್ಷರ ಕೆಡಿಸಿ ಒಬ್ಬರನ್ನು ಹಳ್ಳಿ ಗುಗ್ಗು ಮಾಡುವುದಕ್ಕೆ ನಮ್ಮಲ್ಲಿ ಜಾಗ ತೀರಾ ಕಡಿಮೆ. (ಆ ಕೆಲಸಕ್ಕೆ ನಾವು ಹಕಾರ ಅಕಾರ ಅದಲುಬದಲು ಮಾಡುವುದನ್ನು ಇಟ್ಟುಕೊಂಡಿದ್ದೇವೆ, ಅದು ಬೇರೆ ಮಾತು, ಅದನ್ನೂ ನಿಲ್ಲಿಸಬೇಕು.) ಇಂಗ್ಲಿಷ್‌ನಲ್ಲಿ ಬರೆಯುವುದಕ್ಕೂ ಅನ್ನುವುದಕ್ಕೂ ಮೊದಲೇ ಸಂಬಂಧ ಕಡಿದುಹೋಗಿದೆ. ಆ ಸಂದಿಯಲ್ಲೇ ಈ ಆಟ ನಡೆಯುವುದು.

ಈ ಸಂದರ್ಶನಗಳನ್ನು ಮಾಡಿಸಿದ್ದು ಫೆಡರಲ್ ರೈಟರ್ಸ್ ಪ್ರಾಜೆಕ್ಟ್. ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಕಳೆದುಕೊಂಡ ಬರಹಗಾರರಿಗೆ, ಮೇಷ್ಟ್ರುಗಳಿಗೆ, ಗುಮಾಸ್ತರಿಗೆ ಸಂಬಳ ಕೊಡಲು ಸರ್ಕಾರ ಹುಟ್ಟುಹಾಕಿದ ಯೋಜನೆ. ಸಂದರ್ಶಕರಲ್ಲಿ ಹೆಚ್ಚಿನವರು ಅಮೆರಿಕದ ದಕ್ಷಿಣ ರಾಜ್ಯಗಳ ಬಿಳಿಯರು. ಮಾತಾಡಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಎಂಬತ್ತು ದಾಟಿದವರು. ಸಾಮಾನ್ಯವಾಗಿ ರೆಕಾರ್ಡಿಂಗ್ ಯಂತ್ರ ಇರಲಿಲ್ಲ. ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಆಮೇಲೆ ಕೂತು ಬೆಳೆಸಿ ಬರೆದರು. ಅಂದರೆ ಆ ಅಪಾಸ್ಟ್ರಫಿಗಳಲ್ಲಿ ಎಷ್ಟೋ ನೆನಪಿನಿಂದ ಹಾಕಿದವು, ಅದಕ್ಕೂ ಮೊದಲು ಓದಿದ್ದ ಕಥೆಗಳಿಂದ ಬಂದ ಅಭ್ಯಾಸದಿಂದ ಹಾಕಿದವು. 1880ರ ಸುಮಾರಿಗೇ ಅಮೆರಿಕದ ಪತ್ರಿಕೆಗಳಲ್ಲಿ ಕಪ್ಪು ಜನರ ಮಾತನ್ನು ಹೀಗೆ ಒಡೆದು ಬರೆಯುವ ಕಥೆಗಳು ಬಹಳ ಓಡುತ್ತಿದ್ದವು. ಈ ಸಂದರ್ಶಕರಲ್ಲಿ ಬಹಳ ಜನ ಅಂಥ ಕಥೆಗಳ ಕಾಲದಲ್ಲೇ ಬೆಳೆದವರು.

ನನಗೆ ತುಂಬಾ ಬೇಜಾರಾಗುವುದು ಆ ‘ರ್’ ವಿಷಯದಲ್ಲಿ. ಆ ಕಾಲದಲ್ಲಿ ದಕ್ಷಿಣದ ಎಷ್ಟೋ ಕಡೆ ಬಿಳಿಯರೂ ಪದದ ಕೊನೆಯ ‘ರ್’ ಅನ್ನುತ್ತಿರಲಿಲ್ಲ, ಓದಿದವರು, ಶ್ರೀಮಂತರು ಕೂಡ. ‘ಡೋರ್’ ಅನ್ನುವುದನ್ನು ‘ಡೋ’ ಅಂತ ಎಳೆದು ಮಾತಾಡುವ ಒಬ್ಬ ಸಂದರ್ಶಕಿ, ತನ್ನ ಮಾತನ್ನು ಬರೆಯುವಾಗ ಪೂರ್ತಿ ಸ್ಪೆಲ್ಲಿಂಗ್ ಹಾಕಿ, ಎದುರಿಗೆ ಕೂತ ಅಜ್ಜಿ ಅದೇ ಉಚ್ಚಾರ ಮಾಡಿದಾಗ ಮಾತ್ರ ಅಕ್ಷರ ಕಿತ್ತುಹಾಕಿದರೆ ಅದನ್ನು ದಾಖಲೆ ಅಂತ ಹೇಗೆ ಕರೆಯುವುದು? ಅಜ್ಜಿಯ ಉಚ್ಚಾರದ ಬಗ್ಗೆ ಅದು ಸುಳ್ಳು ಹೇಳುತ್ತಿಲ್ಲ. ಸಂದರ್ಶಕಿಯ ಉಚ್ಚಾರದ ಬಗ್ಗೆ ಸುಳ್ಳು ಹೇಳುತ್ತಿದೆ.

ಇದನ್ನು ಆಗಲೇ ಕಂಡವರೊಬ್ಬರು ಇದ್ದರು, ಯೋಜನೆಯ ಒಳಗೇ. ಕವಿ ಸ್ಟರ್ಲಿಂಗ್ ಬ್ರೌನ್. ವಾಷಿಂಗ್ಟನ್ ಕಚೇರಿಯಲ್ಲಿ ಕಪ್ಪು ಜನರ ವಿಷಯಗಳಿಗೆ ಸಂಪಾದಕರಾಗಿದ್ದರು. 1937ರ ಜೂನ್‌ನಲ್ಲಿ ರಾಜ್ಯದ ಕಚೇರಿಗಳಿಗೆ ಹೋದ ಅವರ ಟಿಪ್ಪಣಿ ಈ ಸಂಗ್ರಹದ ಆಡಳಿತ ಕಡತಗಳಲ್ಲೇ ಇದೆ, ದಯವಿಟ್ಟು ಅದನ್ನು ಹುಡುಕಿ ಓದಿ. ನನ್ನ ಪ್ರಕಾರ ಇಡೀ ಸೈಟಿನಲ್ಲಿ ಬರೆಯುವವರಿಗೆ ಅತಿ ಹೆಚ್ಚು ಉಪಯೋಗ ಆಗುವ ಕಾಗದ ಅದು. ಮಾತಿನ ಧಾಟಿಗೆ, ನುಡಿಗಟ್ಟಿಗೆ ನಿಷ್ಠರಾಗಿರಿ, ಉಚ್ಚಾರವನ್ನು ಅಕ್ಷರ ಅಕ್ಷರ ಹಿಡಿಯುವುದು ಆಮೇಲಿನ ಮಾತು ಅನ್ನುವುದು ಅವರ ಸಲಹೆ. ತಪ್ಪು ಸ್ಪೆಲ್ಲಿಂಗ್ ಮತ್ತು ಅಪಾಸ್ಟ್ರಫಿ ತುಂಬಿದ ಪುಟ ಓದುಗರನ್ನು ದೂರ ತಳ್ಳುತ್ತದೆ ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಬಳಸಬೇಡಿ ಅಂತ ಒಂದು ಪಟ್ಟಿಯನ್ನೂ ಕೊಟ್ಟಿದ್ದಾರೆ. ಡಬ್ಲ್ಯೂ-ಯು-ಝಡ್ ಆ ಪಟ್ಟಿಯಲ್ಲಿದೆ. ‘ಐ’ ಅನ್ನುವುದಕ್ಕೆ ‘ಆ’ ಅಂತ ಬರೆಯುವುದು, ‘ಟು’ ಅನ್ನುವುದಕ್ಕೆ ‘ಟಹ್’ ಅಂತ ಬರೆಯುವುದು, ಇವೂ ಇವೆ. ಹಾಗಂತ ಅವರು ಮಾತನ್ನು ಇಸ್ತ್ರಿ ಮಾಡಿ ಅಂದವರಲ್ಲ. ವಾಕ್ಯದ ಕಟ್ಟು, ವಿಶೇಷ ಪದ, ಹೇಳುವ ರೀತಿ ಇವೆಲ್ಲ ಹಾಗೇ ಇರಲಿ ಅಂದವರು. ಕೆಲವು ರಾಜ್ಯಗಳು ಕೇಳಿದವು, ಕೆಲವು ಕೇಳಲಿಲ್ಲ. ಸಂಗ್ರಹದಲ್ಲಿ ಒಂದು ಪುಟ ಸಲೀಸಾಗಿ ಓದಿಸಿಕೊಂಡು ಇನ್ನೊಂದು ಪುಟ ತಲೆ ಕೆಡಿಸುವುದಕ್ಕೆ ಇದೂ ಒಂದು ಕಾರಣ. ಮಾತಾಡಿದವರು ಬದಲಾದದ್ದಕ್ಕಿಂತ ಬರೆದವರು ಬದಲಾದದ್ದೇ ಜಾಸ್ತಿ.

ಈಗ ಧ್ವನಿಗೆ ಬನ್ನಿ. ಫೌಂಟನ್ ಹ್ಯೂಸ್ ಅವರ ರೆಕಾರ್ಡಿಂಗ್ ಹಾಕಿ. 1949ರ ಜೂನ್ 11ರಂದು ಬಾಲ್ಟಿಮೋರ್‌ನಲ್ಲಿ ಹರ್ಮಂಡ್ ನಾರ್ವುಡ್ ಅನ್ನುವವರು ಮಾಡಿದ್ದು. ನನ್ನ ಹೆಸರು ಇದು, ನಾನು ಹುಟ್ಟಿದ್ದು ವರ್ಜೀನಿಯಾದ ಷಾರ್ಲಟ್ಸ್‌ವಿಲ್‌ನಲ್ಲಿ, ನಮ್ಮ ತಾತ ಥಾಮಸ್ ಜೆಫರ್ಸನ್‌ಗೆ ಸೇರಿದವರಾಗಿದ್ದರು, ನನಗೀಗ ನೂರಾ ಒಂದು ವರ್ಷ ಅಂತ ಶುರು ಮಾಡುತ್ತಾರೆ. ಜೆಫರ್ಸನ್ ಅಂದರೆ ಅಮೆರಿಕದ ಮೂರನೇ ಅಧ್ಯಕ್ಷರು, ಎಷ್ಟು ಆರಾಮಾಗಿ ಹೇಳಿಬಿಡುತ್ತಾರೆ ನೋಡಿ. ಸಾಲ ಮಾಡಿ ಸಾಮಾನು ತಗೋಬೇಡಿ, ಕೈಯಲ್ಲಿ ದುಡ್ಡು ಬಂದ ಮೇಲೆ ನಗದು ಕೊಟ್ಟು ತಗೊಳ್ಳಿ ಅಂತ ಬುದ್ಧಿ ಹೇಳುತ್ತಾರೆ. ಅದೇ ಧ್ವನಿಯಲ್ಲಿ, ನಮ್ಮನ್ನು ಕುದುರೆ, ದನ, ಹಂದಿ ಮಾರಿದ ಹಾಗೆ ಮಾರುತ್ತಿದ್ದರು ಅಂತಲೂ ಹೇಳುತ್ತಾರೆ. ಬಿಡುಗಡೆಯ ನಂತರ ತಾಯಿ ಇವರನ್ನು ತಿಂಗಳಿಗೆ ಒಂದು ಡಾಲರ್‌ಗೆ ದುಡಿಯಲು ಒಪ್ಪಿಸಿದ್ದನ್ನು ಹೇಳುತ್ತಾರೆ. ಮತ್ತೆ ಗುಲಾಮನಾಗಬೇಕು ಅಂದರೆ ಆ ಕ್ಷಣವೇ ಬಂದೂಕು ತಗೊಂಡು ಎಲ್ಲ ಮುಗಿಸಿಬಿಡುತ್ತೇನೆ ಅನ್ನುವ ಮಾತು ಬರುವಾಗಲೂ ಆ ಧ್ವನಿ ಕೂಗಾಡುವುದಿಲ್ಲ.

ಆ ಮಾತಿನಲ್ಲಿ ಆಡುನುಡಿ ಇದೆಯಾ? ಖಂಡಿತ ಇದೆ. ಭೂತಕಾಲದ ಪ್ರತ್ಯಯ ಬೀಳುತ್ತದೆ, ಬಹುವಚನ ಏಕವಚನ ಪುಸ್ತಕದ ಹಾಗಿರುವುದಿಲ್ಲ, ಹೇಳಿದ್ದನ್ನೇ ಇನ್ನೊಂದು ಸಲ ಹೇಳಿ ಒತ್ತು ಕೊಡುತ್ತಾರೆ. ಸೈಟಿನಲ್ಲಿ ಇದರ ಜೊತೆ ಕೊಟ್ಟಿರುವ ಪಠ್ಯ ನೋಡಿ. ಸ್ಪೆಲ್ಲಿಂಗ್ ಬಹುಮಟ್ಟಿಗೆ ಮಾಮೂಲಿ, ವ್ಯಾಕರಣ ಅವರದ್ದೇ. ‘ಬಿಲಾಂಗ್ಡ್’ ಅನ್ನುವ ಕಡೆ ಅವರು ‘ಬಿಲಾಂಗ್’ ಅಂದರು, ಹಾಗೇ ಇಟ್ಟಿದ್ದಾರೆ. ಓದುವಾಗ ಎಲ್ಲೂ ಎಡವುವುದಿಲ್ಲ, ಆದರೂ ಅದು ಇವರ ಮಾತೇ ಅಂತ ಗೊತ್ತಾಗುತ್ತದೆ. ಬ್ರೌನ್ ಕೇಳಿದ್ದು ಇದನ್ನೇ ಅಲ್ವಾ? ಇದಾದ ಮೇಲೆ 1937ರ ಯಾವುದಾದರೂ ಟೈಪ್ ಪುಟಕ್ಕೆ ವಾಪಸ್ ಹೋಗಿ, ಹ್ಯೂಸ್ ಅವರ ಧ್ವನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ. ಅಪಾಸ್ಟ್ರಫಿಗಳ ಹಿಂದೆ ಒಬ್ಬ ಗಂಭೀರ ಮನುಷ್ಯ ಕಾಣಿಸಲು ಶುರುವಾಗುತ್ತಾರೆ. ಉಲ್ಟಾ ಕ್ರಮದಲ್ಲಿ ಹೋದರೆ ಇದು ಆಗುವುದಿಲ್ಲ. ಅದಕ್ಕೇ ಮೊದಲು ಕೇಳಿ ಅಂದದ್ದು.

ಹಾಗಂತ ಧ್ವನಿ ಇದ್ದ ಮಾತ್ರಕ್ಕೆ ಎಲ್ಲ ಸಮಸ್ಯೆ ಬಗೆಹರಿಯಿತು ಅಂತಲ್ಲ. ವಾಲೇಸ್ ಕ್ವಾರ್ಟರ್‌ಮನ್ ಅವರ ರೆಕಾರ್ಡಿಂಗ್ ಕೇಳಿ. 1935ರ ಜೂನ್‌ನಲ್ಲಿ ಜಾರ್ಜಿಯಾದ ಫ್ರೆಡರಿಕಾದಲ್ಲಿ ಆದದ್ದು. ಮಾಡಿದವರು ಜಾನಪದ ಸಂಗ್ರಹಕಾರರಾದ ಅಲನ್ ಲೋಮ್ಯಾಕ್ಸ್, ಜೋರಾ ನೀಲ್ ಹರ್ಸ್ಟನ್ ಮತ್ತು ಮೇರಿ ಎಲಿಜಬೆತ್ ಬಾರ್ನಿಕಲ್. ಅಲ್ಲಿನ ಕರಾವಳಿ ದ್ವೀಪಗಳ ಕಪ್ಪು ಜನರ ‘ಗಲ್ಲಾ’ ಅನ್ನುವ ಆಡುಮಾತು ಬೇರೆಯದೇ ಜಾಡು, ಜೊತೆಗೆ ಹಳೆಯ ಡಿಸ್ಕಿನ ಕರಕರ. ಈ ಒಂದು ರೆಕಾರ್ಡಿಂಗನ್ನು ಭಾಷಾಶಾಸ್ತ್ರಜ್ಞ ಜಾನ್ ರಿಕ್‌ಫರ್ಡ್ ಮತ್ತೆ ಕೂತು ಕೇಳಿ ಬರೆದಾಗ, ಅದಕ್ಕೂ ಮೊದಲು ಪರಿಣತರೇ ಬರೆದಿಟ್ಟಿದ್ದ ಪಠ್ಯಕ್ಕೂ ತಾನು ಕೇಳಿಸಿಕೊಂಡದ್ದಕ್ಕೂ ಎಷ್ಟೋ ಕಡೆ ಹೊಂದಾಣಿಕೆ ಆಗಲಿಲ್ಲ. ಟೇಪ್ ಹಿಂದಕ್ಕೆ ಮುಂದಕ್ಕೆ ಮಾಡಿ ಕೇಳಬಲ್ಲ ತಜ್ಞರಿಗೇ ಹೀಗಾದರೆ, ಪೆನ್ಸಿಲ್ ಹಿಡಿದು ಒಂದೇ ಸಲ ಕೇಳಿದವರ ಸ್ಪೆಲ್ಲಿಂಗನ್ನು ಎಷ್ಟು ನಂಬುವುದು ಅಂತ ನೀವೇ ಲೆಕ್ಕ ಹಾಕಿ.

ಟೈಪ್ ಸಂಗ್ರಹದಲ್ಲಿ ಖಂಡಿತ ಓದಬೇಕಾದ ಒಂದು ಜೋಡಿ ಇದೆ. ದಕ್ಷಿಣ ಕೆರೊಲಿನಾ ಸಂಪುಟದಲ್ಲಿ ಚಾರ್ಲ್ಸ್‌ಟನ್ನಿನ ಸೂಸನ್ ಅನ್ನುವ ಅಜ್ಜಿಯ ಸಂದರ್ಶನ ಎರಡು ಸಲ ಬರುತ್ತದೆ. ಒಂದರಲ್ಲಿ ಹ್ಯಾಮ್ಲಿನ್ ಅಂತ ಹೆಸರು, ಇನ್ನೊಂದರಲ್ಲಿ ಹ್ಯಾಮಿಲ್ಟನ್. ಒಂದು ಸಲ ಮಾತಾಡಿಸಿದವರು ಜೆಸ್ಸಿ ಬಟ್ಲರ್, ಬಿಳಿಯ ಹೆಂಗಸು. ಇನ್ನೊಂದು ಸಲ ಆಗಸ್ಟಸ್ ಲ್ಯಾಡ್ಸನ್, ಕಪ್ಪು ವರ್ಣದವರು. ಬಟ್ಲರ್ ಅವರನ್ನು ಅಜ್ಜಿ ಪರಿಹಾರ ಕೊಡುವ ವೆಲ್ಫೇರ್ ಕಚೇರಿಯವರು ಅಂದುಕೊಂಡಿದ್ದರು. ಅವರ ಮುಂದೆ ಯಜಮಾನ ಒಳ್ಳೆಯವನು ಅನ್ನುವ ಮಾತು ಬಂತು. ಲ್ಯಾಡ್ಸನ್ ಎದುರು ‘ಮಗಾ’ ಅಂತ ಕರೆದು ಮಾತಾಡಿದ ಅದೇ ಅಜ್ಜಿ ಚಾಟಿ ಏಟು, ಮಕ್ಕಳನ್ನು ತಾಯಿಯಿಂದ ಕಿತ್ತು ಮಾರಿದ್ದು, ಬಿಳಿಯರ ದರ್ಪ ಎಲ್ಲ ಹೇಳಿದರು. ಇದು ಇತಿಹಾಸದವರಿಗೆಲ್ಲ ಗೊತ್ತಿರುವ ಜೋಡಿ. ಸ್ಪೆಲ್ಲಿಂಗ್ ದೃಷ್ಟಿಯಿಂದ ನನಗೆ ಕಾಣುವುದು ಇನ್ನೊಂದು. ಲ್ಯಾಡ್ಸನ್ ಅವರ ಪುಟದಲ್ಲೂ ಒಡೆದ ಸ್ಪೆಲ್ಲಿಂಗ್ ದಟ್ಟವಾಗಿದೆ. ‘ಫ್ರಮ್’ ಅನ್ನುವ ಪದದಲ್ಲಿ ಓ ತೆಗೆದು ಯು ಹಾಕಿದ್ದಾರೆ, ಅಂದರೆ ಅದೇ ಕಣ್ಣಿಗೆ ಮಾತ್ರ ಕಾಣುವ ಜಾತಿ. ಆದರೂ ಸತ್ಯ ಜಾಸ್ತಿ ಇರುವುದು ಆ ಪುಟದಲ್ಲೇ. ಹಾಗಾಗಿ ತಪ್ಪು ಸ್ಪೆಲ್ಲಿಂಗ್ ಕಂಡ ಕಡೆಯೆಲ್ಲ ತಿರಸ್ಕಾರ ಇದೆ ಅಂತ ಹೇಳುವ ಹಾಗಿಲ್ಲ. ಆ ಕಾಲದಲ್ಲಿ ಹಾಗೆ ಬರೆಯುವುದೇ ವಾಡಿಕೆ ಆಗಿತ್ತು. ಮೇಲೆ ‘ರ್’ ಬಗ್ಗೆ ನಾನು ಹೇಳಿದ್ದನ್ನು ಇದರ ಪಕ್ಕ ಇಟ್ಟು ಓದಿ. ಎರಡೂ ನಿಜ.

ಇನ್ನು ಸೈಟಿನ ಕೊರತೆ. ದೊಡ್ಡದು ಹುಡುಕಾಟ. ಗುಲಾಮರು ರಾತ್ರಿ ಚೀಟಿ ಇಲ್ಲದೆ ಹೊರಗೆ ಹೋದರೆ ಹಿಡಿದು ಹೊಡೆಯಲು ಬಿಳಿಯರ ಗಸ್ತು ತಂಡಗಳಿದ್ದವು. ಇಂಗ್ಲಿಷ್‌ನಲ್ಲಿ ‘ಪಟ್ರೋಲ್’, ಅಂದರೆ ಗಸ್ತು, ಆ ಪದದಿಂದ ಬಂದ ಹೆಸರು. ಪುಟಗಳಲ್ಲಿ ಇದು ಪ್ಯಾಟರೋಲರ್, ಪ್ಯಾಟಿರೋಲರ್, ಪ್ಯಾಡಿರೋಲರ್ ಹೀಗೆ ಹತ್ತಾರು ವೇಷದಲ್ಲಿ ಬರುತ್ತದೆ. ‘ಮಾಸ್ಟರ್’ ಕೂಡ ಹಾಗೇ, ಮಾರ್ಸ್ಟರ್, ಮಾರ್ಸ್, ಮಾಸಾ. ಒಂದು ಸ್ಪೆಲ್ಲಿಂಗ್ ಕೊಟ್ಟು ಹುಡುಕಿದರೆ ಉಳಿದ ಸ್ಪೆಲ್ಲಿಂಗಿನ ಪುಟಗಳು ಬಿಟ್ಟುಹೋಗುತ್ತವೆ. ವಿಷಯ ಹಿಡಿದು ಅಧ್ಯಯನ ಮಾಡುವವರಿಗೆ ಇದು ದೊಡ್ಡ ತಲೆನೋವು. ಒಂದೊಂದು ರಾಜ್ಯದ ಸಂಪುಟ ತೆರೆದು, ಅಲ್ಲಿನ ಸಂದರ್ಶಕರು ಯಾವ ಸ್ಪೆಲ್ಲಿಂಗ್ ಇಷ್ಟಪಟ್ಟಿದ್ದಾರೆ ಅಂತ ನಾಲ್ಕು ಪುಟ ಓದಿ ಕಂಡುಕೊಂಡು, ಆಮೇಲೆ ಅದನ್ನೇ ಕೊಟ್ಟು ಹುಡುಕಿ. ನಿಧಾನ ಆಗುತ್ತದೆ, ಆದರೆ ಸಿಗುತ್ತದೆ. ಇಷ್ಟು ದೊಡ್ಡ ಸಂಸ್ಥೆ ಸ್ಪೆಲ್ಲಿಂಗ್ ರೂಪಗಳನ್ನೆಲ್ಲ ಒಂದೇ ಪದಕ್ಕೆ ಕಟ್ಟಿಕೊಡುವ ಪಟ್ಟಿ ಮಾಡಿದರೆ ಎಷ್ಟು ಜನರಿಗೆ ಸಹಾಯವಾಗುತ್ತದೆ.

ಇನ್ನೊಂದು ಕೊರತೆ ಚಿಕ್ಕದಾಗಿ ಕಾಣುತ್ತದೆ, ನನಗೆ ಚಿಕ್ಕದಲ್ಲ. ಪುಟಗಳ ಭಾಷೆಯ ಬಗ್ಗೆ, ಟೈಪ್ ಸಂಗ್ರಹಕ್ಕೆ ನಾರ್ಮನ್ ಯೆಟ್ಮನ್ ಅನ್ನುವವರು ಬರೆದ ಪರಿಚಯ ಲೇಖನದಲ್ಲಿ ಒಂದು ಒಳ್ಳೆಯ ಭಾಗವೇ ಇದೆ. ಆದರೆ ಗೂಗಲ್‌ನಿಂದ ನೇರವಾಗಿ ಒಂದು ಸಂದರ್ಶನಕ್ಕೆ ಬಂದು ಇಳಿಯುವ ಹುಡುಗ ಹುಡುಗಿ ಆ ಲೇಖನದ ಹತ್ತಿರವೂ ಹೋಗುವುದಿಲ್ಲ. ಅವರಿಗೆ ಕಾಣುವುದು ಹೆಸರು, ವಯಸ್ಸು, ಕೆಳಗೆ ಒಡೆದ ಸ್ಪೆಲ್ಲಿಂಗ್. ಪ್ರತಿ ಪುಟದ ಪಕ್ಕ ಎರಡು ಸಾಲು ಬೇಕು: ಇದು ರೆಕಾರ್ಡಿಂಗ್ ಅಲ್ಲ, ಸಂದರ್ಶಕರು ಬರೆದದ್ದು. ಜೊತೆಗೆ ಧ್ವನಿ ಸಂಗ್ರಹಕ್ಕೆ ಒಂದು ಕೊಂಡಿ. ಎರಡೂ ಒಂದೇ ಮನೆಯಲ್ಲಿವೆ, ಬಾಗಿಲು ಬೇರೆ ಬೇರೆ.

ಕಥೆ ಕಾದಂಬರಿ ಬರೆಯುವವರಿಗೂ ಒಂದು ಮಾತು. ಬರ್ನಾರ್ಡ್ ಷಾ ತನ್ನ ‘ಪಿಗ್ಮೇಲಿಯನ್’ ನಾಟಕದಲ್ಲಿ ಹೂ ಮಾರುವ ಹುಡುಗಿಯ ಲಂಡನ್ ಮಾತನ್ನು ಸ್ಪೆಲ್ಲಿಂಗಿನಲ್ಲಿ ಹಿಡಿಯಲು ಹೋಗಿ, ಶುರುವಿನಲ್ಲೇ ಕ್ಷಮೆ ಕೇಳಿ ಕೈಬಿಟ್ಟರು, ಲಂಡನ್ ಆಚೆ ಯಾರಿಗೂ ಅರ್ಥವಾಗುವುದಿಲ್ಲ ಅಂತ. ಉಚ್ಚಾರದ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡಿದ್ದ ಮನುಷ್ಯ ಅವರು. ಆದರೆ ಸ್ಕಾಟ್ಲೆಂಡಿನ ಟಾಮ್ ಲಿಯೊನಾರ್ಡ್ 1960ರ ದಶಕದ ಕೊನೆಗೆ ಗ್ಲಾಸ್ಗೋ ಮಾತನ್ನು ಅದೇ ಥರ ಒಡೆದ ಸ್ಪೆಲ್ಲಿಂಗಿನಲ್ಲಿ ಬರೆದಾಗ ಅದು ತಮ್ಮ ಜನರ ಮಾತಿಗೆ ತಲೆ ಎತ್ತಿ ನಿಂತ ಕವಿತೆ ಆಯಿತು. ಯಾರು ಯಾರ ಬಗ್ಗೆ ಬರೆಯುತ್ತಿದ್ದಾರೆ, ಕಥೆ ಹೇಳುವವನ ಸ್ವಂತ ಮಾತಿಗೂ ಅದೇ ಅಕ್ಷರ ಬಳಸಿದ್ದಾನಾ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಮ್ಮಲ್ಲಿ ಹಳ್ಳಿಯವರ ಮಾತು ರೆಕಾರ್ಡ್ ಮಾಡಿ ಬರೆದುಕೊಳ್ಳುವ ಜಾನಪದದ ವಿದ್ಯಾರ್ಥಿಗಳು ಕೂಡ ಬ್ರೌನ್ ಟಿಪ್ಪಣಿಯನ್ನು ಒಮ್ಮೆ ಓದಲಿ. ಮತ್ತೆ ಬರೆದುಕೊಂಡಾಯಿತು ಅಂತ ಆಡಿಯೋ ಫೈಲ್ ಅಳಿಸಬೇಡಿ. ಪ್ರಶ್ನೆ ಕೇಳಿದ ನಿಮ್ಮ ಮಾತನ್ನೂ, ನೀವು ಅಂದ ಹಾಗೇ ಬರೆಯಿರಿ.

ಓದುವ ಮುನ್ನ ಗೊತ್ತಿರಲಿ, ಪುಟಗಳಲ್ಲಿ ಜನಾಂಗ ನಿಂದನೆಯ ಪದಗಳು ಬಹಳ ಬರುತ್ತವೆ, ಹಿಂಸೆಯ ವಿವರಗಳೂ ಇವೆ. ಚಿಕ್ಕ ಮಕ್ಕಳ ಕೈಗೆ ಸುಮ್ನೆ ಕೊಡುವಂಥದ್ದಲ್ಲ. ನೆಟ್ ನಿಧಾನ ಇರುವವರು ಟೈಪ್ ಸಂಪುಟಗಳನ್ನು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಬರೀ ಪಠ್ಯವಾಗಿ ಓದಬಹುದು, ಅಲ್ಲೂ ಪುಕ್ಕಟೆ. ಆದರೆ ಸ್ಕ್ಯಾನ್ ಹಾಳೆ ನೋಡಬೇಕೆಂದರೆ ಲೈಬ್ರರಿಯ ಸೈಟೇ ಆಗಬೇಕು.

ಧ್ವನಿ ಸಂಗ್ರಹಕ್ಕೆ ಐದಕ್ಕೆ ಐದು. ಟೈಪ್ ಸಂಗ್ರಹಕ್ಕೆ ನಾಲ್ಕು, ಒಂದು ಕಡಿತ ಹುಡುಕಾಟಕ್ಕೆ. ಹ್ಯೂಸ್ ಮೊದಲು, ಆಮೇಲೆ ಬ್ರೌನ್ ಟಿಪ್ಪಣಿ, ಆಮೇಲೆ ಸೂಸನ್ ಅಜ್ಜಿಯ ಎರಡು ಸಂದರ್ಶನ. ಇಷ್ಟಕ್ಕೆ ಒಂದು ಭಾನುವಾರದ ಮಧ್ಯಾಹ್ನ ಸಾಕು.